ಹಗ್ಗದಂಗಡಿ ಹುಡುಗಿ ಓಡಿದ ಚಳಿಗಾಲ

ದಾವಣಗೆರೆ ಜಿಲ್ಲೆಯಾದ ಹೊಸತು ಅದು. ಬೋರ್ಡುಗಳ ಮೇಲಿನ ‘ಚಿತ್ರದುರ್ಗ ಜಿಲ್ಲೆ’ಯನ್ನು ಅಳಿಸಿ ‘ದಾವಣಗೆರೆ ಜಿಲ್ಲೆ’ ಎಂದು ಬರೆಯುವ ಪೇಂಟರುಗಳಿಗೆ ಪುರುಸೊತ್ತಿರಲಿಲ್ಲ ಎನ್ನುವುದನ್ನು ಬಿಟ್ಟರೆ ನಮಗೇನೂ ಬದಲಾದಂತೆ ಕಂಡಿರಲಿಲ್ಲ. ಅದೇ ಬಿಸಿಲು, ಅದೇ ಧೂಳು, ಬೆಳಗಾದರೆ ಭಟ್ಟಿಗಳ ಕಡೆಯಿಂದ ತೇಲಿಬರುವ ಅದೇ ಮಂಡಕ್ಕಿ ಹುರಿಯುವ ವಾಸನೆ. ಆ ಕಾಲಕ್ಕೆ ನಮ್ಮೂರಿನಲ್ಲಿ ಯಾರೂ ಸುಮ್ಮಸುಮ್ಮನೆ ಓಡುತ್ತಿರಲಿಲ್ಲ. ಬಸ್ಸು ಹೊರಟರೆ ಓಡುತ್ತಿದ್ದರು. ರೈಲ್ವೆ ಗೇಟು ಬೀಳುತ್ತಿದ್ದರೆ ಓಡುತ್ತಿದ್ದರು. ಎಮ್ಮೆ ಹಗ್ಗ ಕಿತ್ತುಕೊಂಡರೆ ಓಡುತ್ತಿದ್ದರು. ಅದು ಬಿಟ್ಟರೆ, ಮನೆಯಲ್ಲಿ ಯಾರಿಗಾದರೂ ಹೆಚ್ಚುಕಮ್ಮಿಯಾದಾಗ ಓಡುತ್ತಿದ್ದರು. ಅಂಥ ಊರಿನ ನಟ್ಟನಡುವೆ, ಒಂಬತ್ತನೇ ಕ್ಲಾಸಿನ ಹುಡುಗಿ ನಾನು ಒಂದು ಇಡೀ ಚಳಿಗಾಲ ಓಡಿದೆ.

ಈಗ ನಾನೇ ಪಿ.ಟಿ. ಟೀಚರ್, ದಾವಣಗೆರೆಯಿಂದ ದಿನಾ ಹರಿಹರದ ಒಂದು ಶಾಲೆಗೆ ಹೋಗಿಬರುತ್ತೇನೆ. ನನ್ನ ಹುಡುಗಿಯರು ಕೇಳುತ್ತಾರೆ: “ಮಿಸ್, ಓಡೋರಿಗೆ ದೊಡ್ಡ ಊರೇ ಚಲೋ ಅಲ್ವಾ? ಅಲ್ಲಿ ಸ್ಟೇಡಿಯಂ ಇರ್ತಾವೆ, ಕೋಚ್ ಇರ್ತಾರೆ.” ಇರುತ್ತಾರೆ, ಯಾರು ಇಲ್ಲ ಅಂದರು? ಆದರೆ ಓಡುವವರಿಗೆ ಸಣ್ಣ ಊರಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದು ನಾನು ಹಟ ಹಿಡಿದು ವಾದಿಸುತ್ತೇನೆ. ಹುಡುಗಿಯರು ಮುಖ ಮುಖ ನೋಡಿಕೊಂಡು ನಗುತ್ತಾರೆ. ಅವರಿಗೆ ನಮ್ಮ ಅಜ್ಜನ ಕಥೆ ಗೊತ್ತಿಲ್ಲ.

ನಮ್ಮದು ಚೌಕಿಪೇಟೆಯ ಹಗ್ಗದಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ತೆಂಗಿನ ನಾರಿನ ಹಗ್ಗ, ಪುಂಡಿ ನಾರಿನ ಹಗ್ಗ, ಎತ್ತಿನ ಮೂಗುದಾರ, ಕೊರಳಿಗೆ ಗೆಜ್ಜೆಸರ, ಬಾರುಕೋಲು, ಎಲ್ಲ ಸೂರಿನಿಂದ ತೂಗಾಡುತ್ತಿದ್ದವು. ಮಳೆಗಾಲದಲ್ಲಿ ಮನೆಯೆಲ್ಲ ಒದ್ದೆ ನಾರಿನ ವಾಸನೆ. ನಮ್ಮ ಅವ್ವ ಮಾಡಿದ ಪಾಯಸದಲ್ಲೂ ಅದೇ ವಾಸನೆ ಬರುತ್ತದೆ ಎಂದು ನಾನು ಜಗಳ ತೆಗೆಯುತ್ತಿದ್ದೆ. ಅಂಗಡಿ ಹಾಕಿದವನು ನಮ್ಮಜ್ಜ ಚನ್ನಬಸಪ್ಪ. ಹದಡಿಯಿಂದಾಗಲಿ, ಮಾಯಕೊಂಡದಿಂದಾಗಲಿ, ಮಲೆಬೆನ್ನೂರಿನ ಗದ್ದೆ ಬಯಲಿನಿಂದಾಗಲಿ ಪೇಟೆಗೆ ಬಂದ ರೈತ ಅಜ್ಜನ ಗಾದಿಯ ಅಂಚಿನಲ್ಲಿ ಒಂದು ಗಳಿಗೆ ಕುಂಡಿ ಊರದೆ ಹೋಗುತ್ತಿರಲಿಲ್ಲ. ಹಗ್ಗ ಕೊಳ್ಳುವುದು ನೆಪ. ಯಾರ ಎತ್ತು ಹೇಗಿದೆ, ನಾಲೆಗೆ ನೀರು ಯಾವಾಗ ಬಿಡುತ್ತಾರೆ, ಯಾರ ಮಗಳಿಗೆ ಗಂಡು ಗೊತ್ತಾಯಿತು, ಊರೂರಿನ ಸುದ್ದಿಯೆಲ್ಲ ಅಜ್ಜನ ಮುಂದೆ ಬಂದು ಬೀಳುತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ ಅಜ್ಜನಿಗೆ ಎದೆನೋವು ಬಂತು. ಆಸ್ಪತ್ರೆಯಿಂದ ವಾಪಸು ಬಂದ ಮೇಲೆ ಡಾಕ್ಟರು ಅಂಗಡಿಗೆ ಹೋಗಬಾರದು, ಹೆಚ್ಚು ಮಾತಾಡಬಾರದು ಎಂದರು. ಗಾದಿಯ ಮೇಲೆ ಅಪ್ಪ ಕೂತ. ಅಜ್ಜ ನಡುಮನೆಯ ಮಂಚ ಸೇರಿದ. ನಮ್ಮಪ್ಪ ಒಳ್ಳೆಯವನೇ, ಆದರೆ ಗಿರಾಕಿ ಬಂದರೆ ಹಗ್ಗದ ಮಾತು ಬಿಟ್ಟು ಬೇರೆ ಆಡುವವನಲ್ಲ. ಸುದ್ದಿ ಮನೆಯೊಳಗೆ ಬರುವುದು ನಿಂತುಹೋಯಿತು. ಅಜ್ಜ ಸೂರು ನೋಡುತ್ತ ಮಲಗಿರುತ್ತಿದ್ದ. “ನನಗೆ ಎದೆನೋವಿಗಿಂತ ಈ ಸುಮ್ಕಿರೋದೇ ಜಾಸ್ತಿ ಆತು” ಎಂದು ಒಮ್ಮೆ ಅವ್ವನ ಹತ್ತಿರ ಅಂದದ್ದು ನನ್ನ ಕಿವಿಗೂ ಬಿತ್ತು.

ನನ್ನ ಓಟ ಶುರುವಾದದ್ದು ರೈಲ್ವೆ ಗೇಟಿನಿಂದ. ನಮ್ಮ ಶಾಲೆ ಹಳಿಯ ಆಚೆಗಿತ್ತು. ಗೇಟು ಬಿದ್ದು ಗೂಡ್ಸ್ ಗಾಡಿ ಬಂತೆಂದರೆ ಮುಗಿಯಿತು, ಡಬ್ಬಿಗಳು ಸಾಲಾಗಿ ಬರುತ್ತಲೇ ಇರುತ್ತಿದ್ದವು. ಗೇಟು ಎದ್ದೊಡನೆ ನಾನು ಪಾಟಿಚೀಲವನ್ನು ಎದೆಗೆ ಅವಚಿಕೊಂಡು ಓಡುತ್ತಿದ್ದೆ. ತಡವಾಗಿ ಬಂದವರನ್ನು ಹಿಡಿಯಲು ಶಾಲೆಯ ಬಾಗಿಲಲ್ಲಿ ಪಿ.ಟಿ. ಮೇಷ್ಟ್ರು ರುದ್ರೇಶ್ ಸರ್ ನಿಂತಿರುತ್ತಿದ್ದರು. ಒಂದು ದಿನ ನನ್ನನ್ನು ತಡೆದು ಕೇಳಿದರು.

“ಎಲ್ಲಿಂದ ಓಡಿ ಬಂದಿ?”

“ಗೇಟಿಂದ ಸರ್. ಗೂಡ್ಸ್ ಬಂದಿತ್ತು ಸರ್.”

“ಅಲ್ಲಿಂದ ಇಲ್ಲೀತನ? ಮತ್ತೆ ನಿಂಗೆ ದಮ್ಮೇ ಹತ್ತಿಲ್ವಲ್ಲೇ ಮಾರಾಯ್ತಿ!”

ಬೈಸಿಕೊಳ್ಳಲು ತಯಾರಾಗಿ ನಿಂತಿದ್ದ ನನಗೆ ಇದೇನು ಹೊಸದು ಅನ್ನಿಸಿತು. ಅದೇ ವಾರ ಮೇಷ್ಟ್ರು ಅಂಗಡಿಗೇ ಬಂದರು. ಡಿಸೆಂಬರಿನಲ್ಲಿ ಹರಿಹರದಲ್ಲಿ ಜಿಲ್ಲಾ ಮಟ್ಟದ ಕ್ರೀಡಾಕೂಟ, ಮೂರು ಸಾವಿರ ಮೀಟರ್ ಓಟಕ್ಕೆ ನನ್ನನ್ನು ಕಳಿಸಬೇಕು, ದಿನಾ ಬೆಳಿಗ್ಗೆ ಅಭ್ಯಾಸ ಬೇಕು ಎಂದರು.

“ನಿಮ್ಮ ಸ್ಕೂಲ್‌ಗೆ ಮೈದಾನನೇ ಇಲ್ವಲ್ರಿ ಮೇಷ್ಟ್ರೆ” ಎಂದ ಅಪ್ಪ.

“ಊರೇ ಐತಲ್ರಿ. ಹದಡಿ ರೋಡ್ ಹಿಡ್ಕಂಡು ಓಡ್ಲಿ.”

“ಪ್ಯಾಟಿ ಒಳಗೆ ಹೆಣ್ಣುಹುಡ್ಗಿ ಓಡೋದು ಅಂದ್ರೆ ಏನ್ರಿ? ನೋಡಿದೋರು ಏನ್ ಅಂತಾರೆ?”

ಒಳಗಿನಿಂದ ಅಜ್ಜ ನನ್ನನ್ನು ಕರೆದ. ಮಂಚದ ಪಕ್ಕ ನಿಂತೆ. “ಓಡುವಾಗ ನಿಂಗೆ ಏನನ್ಸುತ್ತೆ?” ಎಂದು ಕೇಳಿದ. ನಾನು ಯೋಚಿಸಿ, “ಏನೂ ಅನ್ಸಲ್ಲ ಅಜ್ಜ” ಎಂದೆ. ಅಜ್ಜನಿಗೆ ಅದು ಯಾಕೆ ಅಷ್ಟು ಹಿಡಿಸಿತೋ, ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬಂತು. ಕೆಮ್ಮಿನ ನಡುವೆಯೇ ಅಪ್ಪನಿಗೆ ಕೈಸನ್ನೆ ಮಾಡಿ, ಹೋಗಲಿ ಬಿಡು ಎಂದ.

ಅಪ್ಪ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ. “ಪ್ಯಾಟಿ ದಾಟೋತನ ನಡ್ಕೊಂಡು ಹೋಗ್ಬೇಕು. ಇಲ್ಲಿ ಯಾರಾದ್ರೂ ಒಂದ್ ಮಾತು ತಂದ್ರೆ ಅವತ್ತೇ ಓಟ ಬಂದ್. ಹರಿಹರನೂ ಇಲ್ಲ, ಗಿರಿಹರನೂ ಇಲ್ಲ.”

ಅವ್ವ ಇದಕ್ಕೆ ಉಪಾಯ ಹುಡುಕಿದಳು. ನನ್ನ ಕೈಗೆ ಹಾಲಿನ ಕ್ಯಾನು ಕೊಟ್ಟಳು. ಹಾಲಿಗೆ ಹೋಗುವ ಹುಡುಗಿಯನ್ನು ಯಾರು ಕೇಳುತ್ತಾರೆ? ಚೂಡಿದಾರದ ವೇಲನ್ನು ಸರಿಯಾಗಿ ಹೊದ್ದು, ಶನಿವಾರದ ಡ್ರಿಲ್ಲಿನ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ತಲೆ ತಗ್ಗಿಸಿ ಪೇಟೆಯಲ್ಲಿ ನಡೆಯುತ್ತಿದ್ದೆ. ಗೇಟಿನ ಹತ್ತಿರದ ಹಾಲಿನ ಬೂತಿನಲ್ಲಿ ಕ್ಯಾನು ಇಟ್ಟು, ವೇಲನ್ನು ಸೊಂಟಕ್ಕೆ ಬಿಗಿದು, ಹಳಿ ದಾಟಿದ ಕೂಡಲೇ ಬಿಟ್ಟ ಬಾಣ.

ಸಣ್ಣ ಊರಿನ ಮೊದಲ ಗುಣ ಇದು, ಓಡುವವರಿಗೆ ಬೇಗ ಮುಗಿಯುತ್ತದೆ. ಪಿ.ಬಿ. ರಸ್ತೆ ದಾಟಿ ಒಂದಿಷ್ಟು ಹೊತ್ತು ಮನೆಗಳು, ಅಂಗಳಕ್ಕೆ ನೀರು ಹಾಕುವ ಸದ್ದು, ಸೌದೆ ಒಲೆಯ ಹೊಗೆ. ಆಮೇಲೆ ಮನೆಗಳು ಬಿಡಿಬಿಡಿಯಾಗಿ, ನೋಡನೋಡುತ್ತ ಇಲ್ಲವೇ ಆಗಿ, ಎರಡೂ ಕಡೆ ಭತ್ತದ ಗದ್ದೆ. ಕೊಯ್ಲಿನ ಕಾಲ. ಹಸಿ ಹುಲ್ಲಿನ ವಾಸನೆ, ನಾಲೆಯ ಮೇಲಿಂದ ಬರುವ ತಣ್ಣನೆಯ ಗಾಳಿ. ಬಂಗಾರದಂಗಡಿಯ ಸಾಲಿನಿಂದ ಹೊರಟವಳು ಬೆವರು ಬರುವ ಹೊತ್ತಿಗೆ ಬೆಳ್ಳಕ್ಕಿಗಳ ನಡುವೆ ಇರುತ್ತಿದ್ದೆ. ದೊಡ್ಡ ಊರಿನಲ್ಲಿ ಇಷ್ಟು ಹೊತ್ತಿಗೆ ಒಂದು ಸಿಗ್ನಲ್ಲಿನಿಂದ ಇನ್ನೊಂದಕ್ಕೆ ಹೋಗಬಹುದೇನೋ.

ಇನ್ನೊಂದು ಗುಣ ನನಗೆ ನಿಧಾನವಾಗಿ ತಿಳಿಯಿತು. ಓಡಿ ಬಂದು ಹಾಲಿನ ಕ್ಯಾನು ಇಳಿಸಿದ ಕೂಡಲೇ ಅಜ್ಜ ಕೇಳುತ್ತಿದ್ದ: “ಏನ್ ಕಂಡಿ ಹೇಳು.” ಮೊದಲ ದಿನ “ಏನೂ ಇಲ್ಲ” ಅಂದಿದ್ದಕ್ಕೆ ಅಜ್ಜನ ಮುಖ ಬಾಡಿತು. ಮರುದಿನದಿಂದ ನೋಡಿಕೊಂಡು ಓಡಿದೆ. ನಾಲೆಯಲ್ಲಿ ನೀರು ಎಷ್ಟಿದೆ, ಯಾರ ಗದ್ದೆ ಕೊಯ್ದಾಗಿದೆ, ಯಾವ ಗಾಡಿಯ ಎತ್ತು ಕುಂಟುತ್ತಿದೆ. ನಾನು ಹೇಳಿದ ಎತ್ತಿನ ಬಣ್ಣ, ಕೊಂಬಿನ ಆಕಾರ ಕೇಳಿಯೇ ಅಜ್ಜ, “ಅದು ನಿಂಗಪ್ಪಂದು. ಲಾಳ ಕಟ್ಸಿಲ್ಲ, ಸೋಮಾರಿ ನನ್ಮಗ” ಎಂದು ಬೈಯುತ್ತಿದ್ದ. ಬೈಯುವಾಗ ಅವನ ಕಣ್ಣಿಗೆ ಕಳೆ ಬರುತ್ತಿತ್ತು. ಓಟ ನನಗೆಷ್ಟು ಬೇಕಾಗಿತ್ತೋ ಅಷ್ಟೇ ಅಜ್ಜನಿಗೂ ಬೇಕಾಗಿತ್ತು ಎಂದು ಆಗ ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ, ಆದರೆ ಗೊತ್ತಿತ್ತು.

ಇನ್ನು ಮುಂದಿನದು ಅರ್ಥವಾಗಬೇಕಾದರೆ ನಮ್ಮ ಪೇಟೆಯ ಒಂದು ಪದ್ಧತಿ ಹೇಳಬೇಕು. ಆಗ ನಮ್ಮ ಸಾಲಿನ ಅಂಗಡಿಗಳಿಗೆಲ್ಲ ಹಲಗೆ ಬಾಗಿಲು. ಬೆಳಿಗ್ಗೆ ಒಂದೊಂದೇ ಹಲಗೆ ತೆಗೆದು ಗೋಡೆಗೆ ಒರಗಿಸುವುದು, ರಾತ್ರಿ ಮತ್ತೆ ಒಂದೊಂದೇ ಜೋಡಿಸುವುದು. ಪೇಟೆಯ ಹಿರಿಯ ವ್ಯಾಪಾರಿ ಯಾರಾದರೂ ತೀರಿಕೊಂಡರೆ ಡಂಗುರವಿಲ್ಲ, ಮೈಕಿಲ್ಲ. ಸುದ್ದಿ ಮೊದಲು ತಿಳಿದವನು ಅರ್ಧ ಹಲಗೆ ಹಾಕುತ್ತಾನೆ. ಅದನ್ನು ಕಂಡ ಪಕ್ಕದವನು ತನ್ನದನ್ನೂ ಹಾಕುತ್ತಾನೆ. ಹಾಗೇ ಆ ಸಾಲು ಮುಗಿದು ಈ ಸಾಲಿಗೆ ಬರುತ್ತದೆ. ಯಾಕೆ, ಏನು ಎಂದು ಯಾರೂ ನಿಂತು ಕೇಳುವುದಿಲ್ಲ. ಅರ್ಧ ಬಾಗಿಲು ಅಂದರೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಆ ಮನೆಗೆ ಹೊರಡುವುದು, ಅಷ್ಟೇ.

ಒಂದು ಸಂಜೆ ಅಜ್ಜನಿಗೆ ಉಸಿರಾಟ ಜೋರಾಯಿತು. ಡಾಕ್ಟರ ಸ್ಕೂಟರ್ ನಮ್ಮ ಮನೆಯ ಮುಂದೆ ನಿಂತದ್ದನ್ನು ಇಡೀ ಪೇಟೆ ನೋಡಿತು. ಇಂಜೆಕ್ಷನ್ ಕೊಟ್ಟ ಮೇಲೆ ಅಜ್ಜ ಮಲಗಿದ. ಮನೆಮಂದಿಗೆಲ್ಲ ನಿದ್ದೆ ಹತ್ತಿದ್ದು ಬೆಳಗಿನ ಜಾವಕ್ಕೆ. ನಾನು ಎದ್ದಾಗ ಬಿಸಿಲು ಬಿದ್ದಿತ್ತು. ಅಜ್ಜ ಆಗಲೇ ಎಚ್ಚರವಾಗಿದ್ದ.

“ಇವತ್ತು ಹೋಗಲ್ವೇನೇ?”

“ಹೊತ್ತಾತಲ್ಲ ಅಜ್ಜ.”

“ಹೊತ್ತಾದ್ರೆ ಜೋರಾಗಿ ಓಡು. ಹಾಲು ನಿಮ್ಮವ್ವ ತರ್ತಾಳೆ ಬಿಡು.”

ಓಟಕ್ಕೆ ಒಂದೇ ವಾರ ಉಳಿದಿತ್ತು. ಅಪ್ಪ ಹಿತ್ತಲಲ್ಲಿ ಸ್ನಾನಕ್ಕಿದ್ದ. ಕ್ಯಾನಿಲ್ಲ, ವೇಲಿಲ್ಲ, ಕೂದಲು ಬಾಚಿಲ್ಲ, ಷರತ್ತಿನ ನೆನಪೂ ಇಲ್ಲ. ಮನೆಯ ಹೊಸ್ತಿಲಿನಿಂದಲೇ ಓಡಿದೆ.

ನಮ್ಮ ಎದುರಿಗೆ ಖಾದರ್ ಸಾಬರ ಚಹಾದಂಗಡಿ. ಅಜ್ಜನಿಗೂ ಅವರಿಗೂ ಎಷ್ಟೋ ವರ್ಷದ ಗೆಳೆತನ. ಅವರು ಒಲೆ ಬಿಟ್ಟು ಎದ್ದು ನಿಂತು, “ಯಾಕವ್ವಾ, ಏನಾತು?” ಎಂದು ಕೂಗಿದರು. ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಗಂಗಮ್ಮ, “ಅಯ್ಯೋ, ಹುಡ್ಗಿ ಎಲ್ಲಿಗೋಡ್ತೈತೆ?” ಎಂದಳು. ಓಡುವಾಗ ಬಾಯಿ ಬಿಡಬಾರದು, ಮೂಗಿನಲ್ಲೇ ಉಸಿರಾಡಬೇಕು ಎಂದು ರುದ್ರೇಶ್ ಸರ್ ಕಟ್ಟುನಿಟ್ಟಾಗಿ ಹೇಳಿದ್ದರು. ನಾನು ಯಾರಿಗೂ ಉತ್ತರ ಕೊಡಲಿಲ್ಲ. ಚಳಿಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಕೆದರಿದ ತಲೆಯ ಹುಡುಗಿ ಕಣ್ಣೀರು ಸುರಿಸುತ್ತ, ಮಾತಾಡದೆ, ಪೇಟೆಯ ನಡುವೆ ಓಡಿದಳು. ನೀವೇ ಹೇಳಿ, ನೋಡಿದವರು ಏನೆಂದುಕೊಳ್ಳಬೇಕು?

ನನಗೆ ಇದರ ಕಲ್ಪನೆಯೂ ಇರಲಿಲ್ಲ. ಹದಡಿ ರಸ್ತೆಯಲ್ಲಿ ಆ ದಿನ ಕಾಲಿಗೆ ರೆಕ್ಕೆ ಬಂದಿತ್ತು. ನಾಲೆಯ ತನಕ ಹೋಗಿ, ಅಜ್ಜನಿಗೆ ಹೇಳಲು ಸುದ್ದಿ ಕೂಡಿಸಿಕೊಂಡು ವಾಪಸಾದೆ. ಗೇಟು ದಾಟಿ ಪೇಟೆಗೆ ಕಾಲಿಟ್ಟಾಗ ಏನೋ ಸರಿಯಿಲ್ಲ ಅನ್ನಿಸಿತು. ಅಂಗಡಿ ತೆರೆಯುವ ಹೊತ್ತು, ಆದರೆ ಹಲಗೆ ತೆಗೆಯುವ ಟಕಟಕ ಸದ್ದಿಲ್ಲ. ಪಾತ್ರೆ ಅಂಗಡಿ ಅರ್ಧ ಬಾಗಿಲು. ಬಟ್ಟೆ ಅಂಗಡಿ ಅರ್ಧ ಬಾಗಿಲು. ಸಾಲಿಗೆ ಸಾಲೇ ಅರ್ಧ ಬಾಗಿಲು. ತಿರುವಿನಲ್ಲಿ ಗಂಗಮ್ಮನ ಹೂವಿನ ಬುಟ್ಟಿ ಖಾಲಿ, ಗಂಗಮ್ಮ ಇಲ್ಲ. ದೂರದಲ್ಲಿ ನಮ್ಮ ಮನೆಯ ಮುಂದೆ ಗುಂಪು, ಹೊಸ್ತಿಲಿನ ಹೊರಗೆ ಚಪ್ಪಲಿಗಳ ರಾಶಿ.

ನಾನು ಮನೆಯಲ್ಲಿಲ್ಲದಾಗ ಅಜ್ಜ ಹೋಗಿಬಿಟ್ಟ.

ಆ ಸಾಲಿನ ಕೊನೆಯಿಂದ ನಮ್ಮ ಮನೆಯ ತನಕ ನಾನು ಓಡಿದ ಓಟ ಇದೆಯಲ್ಲ, ಅದನ್ನು ಯಾರೂ ಅಳೆದಿಲ್ಲ, ಅದಕ್ಕೆ ಯಾವ ಪದಕವೂ ಇಲ್ಲ. ಅಷ್ಟು ಜೋರಾಗಿ ಜೀವಮಾನದಲ್ಲಿ ಮತ್ತೆ ಓಡಲಿಲ್ಲ. ಜನರನ್ನು ನೂಕಿ, ಚಪ್ಪಲಿಗಳ ಮೇಲೆ ಎಡವಿ ಒಳಗೆ ಬಿದ್ದೆ. ಬಾಯಿಯಿಂದ “ಅಜ್ಜಾ” ಎಂದು ಎಂಥದೋ ಸ್ವರ ಬಂತು.

“ಏನೇ, ನೀನೂ ಅಳೋಕ್ ಬಂದ್ಯಾ?”

ಅಜ್ಜ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಕೈಯಲ್ಲಿ ಚಹಾದ ಲೋಟ. ಸುತ್ತಲೂ ಪೇಟೆಯ ಹಿರಿಯರು ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದರು. ಒಬ್ಬರ ಕಂಕುಳಲ್ಲಿ ಹಾರವಿತ್ತು, ಅದನ್ನು ಬೆನ್ನಿನ ಹಿಂದೆ ಮುಚ್ಚಿಡಲು ಒದ್ದಾಡುತ್ತಿದ್ದರು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಖಾದರ್ ಸಾಬರು ಮಂದಿಗೆಲ್ಲ ಆಗುವಷ್ಟು ಚಹಾವನ್ನು ದೊಡ್ಡ ಕೆಟ್ಲಿಯಲ್ಲಿ ತಂದಿದ್ದರು. ಮೊದಲ ಲೋಟ ಅಜ್ಜನೇ ಇಸಿದುಕೊಂಡಿದ್ದ.

“ಸಾಬ್ರೆ, ನನ್ ಸಾವಿನ ಚಾ ನಾನೇ ಕುಡ್ದೆ ನೋಡ್ರಿ. ಸಕ್ರಿ ಸ್ವಲ್ಪ ಕಮ್ಮಿ ಆಗೈತೆ.”

ಖಾದರ್ ಸಾಬರು ನಗಲೂ ಆರದೆ ಅಳಲೂ ಆರದೆ ಗಡ್ಡ ನೀವಿಕೊಂಡರು. “ತೋಬಾ ತೋಬಾ, ಅಣ್ಣಾರೆ. ಹುಡ್ಗಿ ಓಡಿದ್ದು ನೋಡಿ ಎದೆ ಧಸಕ್ ಅಂತು. ಮೊದ್ಲು ಹಲಗೆ ಹಾಕಿದೋನು ನಾನೇ.”

ನಾನು ಮಂಚದ ಕಾಲು ಹಿಡಿದು ಕೂತು ಅಳುತ್ತಲೇ ಇದ್ದೆ. ಆಗ ಅಪ್ಪ ಬಂದ. ಅವನ ಮುಖ ಕೆಂಪಗಾಗಿತ್ತು. ಬಂದವರಿಗೆಲ್ಲ ಕೈಮುಗಿದು ಕೈಮುಗಿದು ಅವನಿಗೆ ಸಾಕಾಗಿತ್ತು.

“ಸಾಕು. ಇವತ್ತಿಗೆ ಮುಗೀತು ನಿನ್ನ ಓಟ. ಮಾನ ಮರ್ಯಾದಿ ಹರಾಜು ಹಾಕಿದ್ಯಲ್ಲ. ಬದುಕಿರೋ ಮನುಷ್ಯನ ಮನೆಗೆ ಹಾರ ತರೋ ಹಂಗ್ ಮಾಡಿದ್ಯಲ್ಲ!”

ಅಪ್ಪನ ಮಾತಿನಲ್ಲಿ ನ್ಯಾಯವಿತ್ತು. ಪಾತ್ರೆ ಅಂಗಡಿಯವರು ಗಂಟಲು ಸರಿಮಾಡಿಕೊಂಡು, “ಅಲ್ಲಾ, ಹೆಣ್ಣುಹುಡ್ಗಿ ಯಾಕ ಓಡ್ಬೇಕು ಅಂತೀನಿ” ಎಂದರು. ನನ್ನ ಹರಿಹರ ಅಲ್ಲಿಗೆ ಮುಳುಗಿತು ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ನಾಳೆಯಿಂದ ಅಜ್ಜನಿಗೆ ನಾಲೆಯ ಸುದ್ದಿ ಯಾರು ತರುತ್ತಾರೆ ಎಂದು ದುಃಖ ಒತ್ತರಿಸಿ ಬಂತು.

ಅಜ್ಜ ಲೋಟ ಕೆಳಗಿಟ್ಟ. ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡ.

“ಕೂಡ್ರಿ ಎಲ್ರೂ. ಬಂದಿದ್ದಕ್ಕೆ ಒಂದ್ ಮಾತು ಕೇಳ್ಕೊಂಡ್ ಹೋಗ್ರಿ. ಇಷ್ಟು ದಿನ ಇವಳು ಕ್ಯಾನ್ ಹಿಡ್ಕೊಂಡು ಕಳ್ಳಿ ಹಂಗೆ ನಡೀತಿದ್ಲು. ಅದಕ್ಕೇ ಇವತ್ತು ಓಡಿದ್ದು ನೋಡಿ ನಿಮಗೆ ಗಾಬರಿ ಆತು. ದಿನಾ ಓಡಿದ್ರೆ ಗಾಬರಿ ಯಾಕಾಗ್ತಿತ್ತು? ನಾಳೆಯಿಂದ ಇವಳು ಇದೇ ಹೊಸ್ತಿಲಿಂದ, ಇದೇ ಪ್ಯಾಟಿ ಒಳಗೆ ಓಡ್ತಾಳೆ. ಇವಳು ಓಡೋದು ಕಂಡ್ರೆ ಚನ್ನಬಸಪ್ಪ ಬದುಕ್ಯಾನೆ ಅಂತ ತಿಳ್ಕೊಳ್ರಿ. ಯಾವತ್ತು ಓಡಲ್ಲ, ಅವತ್ತು ಹಲಗೆ ಹಾಕ್ರಿ.”

ಗಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಹಂಗೇ ಆಗ್ಲಿ ಯಜಮಾನ್ರೆ, ದಿನಾ ಓಡ್ಲಿ, ನೂರ್ ವರ್ಷ ಓಡ್ಲಿ” ಎಂದಳು. ಅಪ್ಪ ಎದ್ದು ಅಂಗಡಿಗೆ ಹೋದ. ಸ್ವಲ್ಪ ಹೊತ್ತಿಗೆ ಹಲಗೆಗಳನ್ನು ತೆಗೆಯುವ ಸದ್ದು ಕೇಳಿತು, ಮೊದಲು ನಮ್ಮ ಅಂಗಡಿಯದು, ಆಮೇಲೆ ಎದುರಿನದು, ಹಾಗೇ ಸಾಲಿನುದ್ದಕ್ಕೂ.

ಮರುದಿನದಿಂದ ನೋಡಬೇಕಿತ್ತು ನನ್ನ ವೈಭೋಗ! ಹೊಸ್ತಿಲು ದಾಟಿದ ಕೂಡಲೇ ಖಾದರ್ ಸಾಬರ ಸ್ವರ: “ಅಜ್ಜ ಹೆಂಗದಾರವ್ವಾ?” ನಾನು ಬಾಯಿ ಬಿಡದೆ ಬಲಗೈ ಎತ್ತುತ್ತಿದ್ದೆ, ಚೆನ್ನಾಗಿದ್ದಾನೆ ಎಂದು ಅದರ ಅರ್ಥ. ತಿರುವಿನಲ್ಲಿ ಗಂಗಮ್ಮ, ಆಮೇಲೆ ಪಾತ್ರೆ ಅಂಗಡಿಯವರು, ಬೂತಿನವರು, ಎಲ್ಲರದ್ದೂ ಅದೇ ಪ್ರಶ್ನೆ, ಎಲ್ಲರಿಗೂ ಅದೇ ಕೈ. ಸುದ್ದಿ ಹದಡಿ ರಸ್ತೆಗೂ ಹಬ್ಬಿತು. ಗಾಡಿ ಹೊಡೆಯುವವರು ಮೂಗುದಾರ ಜಗ್ಗಿ ಎತ್ತುಗಳನ್ನು ಪಕ್ಕಕ್ಕೆಳೆದು ದಾರಿ ಬಿಡುತ್ತಿದ್ದರು. ಬೊಗಳುವ ನಾಯಿಗಳಿಗೆ ಯಾರೋ ಕಲ್ಲು ತೋರಿಸುತ್ತಿದ್ದರು. ಒಂದು ದಿನ ಗಂಗಮ್ಮ ನನ್ನ ಜಡೆಗೆ ಸೇವಂತಿಗೆ ಮುಡಿಸಿಯೇ ಬಿಟ್ಟಳು, ಅದು ನಾಲೆಯ ತನಕ ಹೋಗಿ ಉದುರದೆ ವಾಪಸು ಬಂತು. ಯಾವ ಹುಡುಗನೂ ನನಗೆ ಒಂದು ಅಡ್ಡಮಾತು ಆಡುವ ಧೈರ್ಯ ಮಾಡಲಿಲ್ಲ. ಅಷ್ಟು ಕಣ್ಣುಗಳು ನನ್ನನ್ನು ಕಾಯುತ್ತಿದ್ದವು. ಊರ ಕಣ್ಣಿಗೆ ಹೆದರಿ ಕ್ಯಾನು ಹಿಡಿದಿದ್ದ ನನಗೆ ಅದೇ ಕಣ್ಣುಗಳಿಂದ ಧೈರ್ಯ ಬಂತು. ಸ್ಟೇಡಿಯಂ ಇದನ್ನು ಕೊಡುತ್ತದೆಯೇ?

ಹರಿಹರದ ದಿನ ಬಂತು. ನಸುಕಿನ ಬಸ್ಸಿಗೆ ರುದ್ರೇಶ್ ಸರ್ ಜೊತೆ ಹೊರಡಬೇಕಿತ್ತು. ಅಂದರೆ ಆ ಬೆಳಿಗ್ಗೆ ನಾನು ಪೇಟೆಯಲ್ಲಿ ಓಡುವುದಿಲ್ಲ. ಹೊರಡುವಾಗ ನೋಡಿದರೆ ಅಜ್ಜ ಒಗೆದ ಧೋತರ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ, ಅಪ್ಪನ ಹೆಗಲು ಹಿಡಿದು ಅಂಗಡಿಯ ಗಾದಿಗೆ ಬಂದು ಕೂತಿದ್ದಾನೆ. ಎಷ್ಟೋ ತಿಂಗಳ ಮೇಲೆ.

“ಅಜ್ಜ, ಡಾಕ್ಟ್ರು ಬ್ಯಾಡ ಅಂದಾರಲ್ಲ!”

“ನೀನ್ ಓಡ್ಲಿಲ್ಲ ಅಂದ್ರೆ ಆ ಸಾಬ್ರು ಮತ್ತೆ ಕೆಟ್ಲಿ ಹೊತ್ಕೊಂಡ್ ಬರ್ತಾರೆ. ನೀ ಬರೋತನ ನಾನಿಲ್ಲೇ ಕೂತಿರ್ತೀನಿ, ಮಂದಿ ನೋಡ್ಲಿ. ಹೋಗು, ಬಸ್ ತಪ್ಪುತ್ತೆ.”

ಹರಿಹರದ ಮೈದಾನದಲ್ಲಿ ತುಂಗಭದ್ರೆಯ ಕಡೆಯ ಗಾಳಿ ಬೀಸುತ್ತಿತ್ತು. ಹೊನ್ನಾಳಿಯವರು, ಚನ್ನಗಿರಿಯವರು, ಜಗಳೂರಿನವರು, ಎಷ್ಟೊಂದು ಹುಡುಗಿಯರು! ಸೀಟಿ ಊದಿದರು, ಓಡಿದೆವು. ಒಂದು ಸುತ್ತು, ಎರಡು ಸುತ್ತು. ಕಾಲು ಬರಬರುತ್ತ ಭಾರವಾಯಿತು. ಇದೇನಾಯಿತು ನನಗೆ ಎಂದು ಗಾಬರಿಯಾಯಿತು. ಆಮೇಲೆ ಹೊಳೆಯಿತು, ಇಲ್ಲಿ ಯಾರೂ ನನ್ನನ್ನು ಏನೂ ಕೇಳುತ್ತಿಲ್ಲ. ಗುರುತಿಲ್ಲದ ಮುಖಗಳ ನಡುವೆ ಸುಮ್ಮನೆ ಸುತ್ತು ಹೊಡೆಯುವುದು ಗಾಣದೆತ್ತಿನ ಕೆಲಸದಂತೆ ಅನ್ನಿಸಿತು. ಒಬ್ಬೊಬ್ಬರಾಗಿ ಹುಡುಗಿಯರು ನನ್ನನ್ನು ದಾಟಿಹೋದರು.

ಆಗ ಹಗ್ಗ ಕಟ್ಟಿದ ಅಂಚಿನಿಂದ ಒಂದು ಒರಟು ಗಂಟಲು ಕೂಗಿತು: “ಏ ಹಗ್ಗದಂಗಡಿ ಹುಡ್ಗಿ! ಅಜ್ಜ ಹೆಂಗದಾರೇ?”

ಮಲೆಬೆನ್ನೂರಿನ ಕಡೆಯ ಒಬ್ಬ ರೈತ. ಅಜ್ಜನ ಗಾದಿಯ ಅಂಚಿನಲ್ಲಿ ನೋಡಿದ ಮುಖ, ಹೆಸರು ನನಗೆ ಗೊತ್ತಿಲ್ಲ. ಟ್ರ್ಯಾಕ್ಟರ್ ರಿಪೇರಿಗೆಂದು ಹರಿಹರಕ್ಕೆ ಬಂದವನು ಗಲಾಟೆ ಕೇಳಿ ಮೈದಾನಕ್ಕೆ ಇಣುಕಿದ್ದನಂತೆ. ನನ್ನ ಕೈ ತಾನಾಗೇ ಮೇಲೆದ್ದಿತು. ಗಾದಿಯ ಮೇಲೆ ವಿಭೂತಿ ಹಚ್ಚಿಕೊಂಡು ಕೂತ ಅಜ್ಜ ಕಣ್ಣಿಗೆ ಕಟ್ಟಿದ. ಕಾಲು ಹಗುರಾಯಿತು. ಪ್ರತಿ ಸುತ್ತಿಗೂ ಆ ಮನುಷ್ಯ ಅದೇ ಮಾತು ಕೂಗಿದ, ಪ್ರತಿ ಸುತ್ತಿಗೂ ನಾನು ಕೈ ಎತ್ತಿದೆ. ಹೊನ್ನಾಳಿಯ ಹುಡುಗಿಯೊಬ್ಬಳನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದೆ ಹಾಕಿದೆ.

ಸಂಜೆ ಬಂದಾಗ ಅಜ್ಜ ಇನ್ನೂ ಗಾದಿಯ ಮೇಲೇ ಇದ್ದ. ಬೆಳ್ಳಿ ಬಣ್ಣದ ಪದಕವನ್ನು ಅವನ ಕೈಗಿಟ್ಟೆ. ತಿರುಗಿಸಿ ನೋಡಿ, “ಇರ್ಲಿ, ಏನ್ ಕಂಡಿ ಹೇಳು” ಎಂದ. ಹೊಳೆಯಲ್ಲಿ ನೀರು ಎಷ್ಟಿತ್ತು, ಮಲೆಬೆನ್ನೂರಿನವನು ಹೇಗೆ ಕೂಗಿದ, ಎಲ್ಲ ಹೇಳಿದೆ. ಅಪ್ಪ ತಾನೇ ಹೋಗಿ ನನಗೆ ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದ. ಮುಖ ಮಾತ್ರ ಗಂಟು ಹಾಕಿಕೊಂಡೇ ಇದ್ದ, ನಮ್ಮಪ್ಪ ಅಂದರೆ ಹಾಗೇ.

ಮುಂದಿನ ವರ್ಷ ಶ್ರಾವಣದ ತನಕ ನಾನು ದಿನವೂ ಓಡಿದೆ. ಮಳೆ ಬಂದರೂ ಓಡಿದೆ, ಜ್ವರ ಬಂದ ದಿನ ಪೇಟೆಯ ಸಾಲಿನ ತುದಿಗಾದರೂ ಹೋಗಿ ಕೈ ಎತ್ತಿ ಬಂದೆ. ಒಂದು ಬೆಳಿಗ್ಗೆ ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದರ ಲೇಸು ಬಿಚ್ಚುತ್ತ, “ಅಜ್ಜ, ಹೋಗಿ ಬರ್ತೀನಿ” ಎಂದೆ. ಉತ್ತರ ಬರಲಿಲ್ಲ. ನಿದ್ದೆಯಲ್ಲೇ ಹೋಗಿದ್ದ. ಮುಖದಲ್ಲಿ ಯಾವ ತ್ರಾಸವೂ ಇರಲಿಲ್ಲ. ಅವ್ವ ಬಂದಳು, ಅಪ್ಪ ಬಂದ. ನಾನು ಒಂಟಿ ಶೂ ಹಾಕಿಕೊಂಡೇ ಮಂಚದ ಪಕ್ಕ ಕೂತಿದ್ದೆ.

ಅಂಗಡಿ ತೆರೆಯುವ ಹೊತ್ತಿಗೆ ಅಪ್ಪ ಕಣ್ಣೊರೆಸಿಕೊಂಡು, ಪೇಟೆಗೆ ತಿಳಿಸಿ ಬರುತ್ತೇನೆಂದು ಹೊರಗಿನ ಬಾಗಿಲು ತೆರೆದ. ತೆರೆದವನು ಹಾಗೇ ನಿಂತುಬಿಟ್ಟ. ನಾನೂ ಹೋಗಿ ನೋಡಿದೆ. ಸಾಲಿನ ಈ ತುದಿಯಿಂದ ಆ ತುದಿಯ ತನಕ ಎಲ್ಲ ಅಂಗಡಿ ಅರ್ಧ ಬಾಗಿಲು. ಜಿಟಿಜಿಟಿ ಮಳೆಯಲ್ಲಿ ಜನ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಮ್ಮ ಮನೆಯ ಕಡೆಗೆ ಬರುತ್ತಿದ್ದರು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಎಲ್ಲರಿಗಿಂತ ಮುಂದೆ ಖಾದರ್ ಸಾಬರು ಕೆಟ್ಲಿ ಹಿಡಿದು ಹೊಸ್ತಿಲ ಕೆಳಗೆ ನಿಂತಿದ್ದರು.

“ಇವತ್ತು ಹುಡ್ಗಿ ಬರ್ಲಿಲ್ಲ ಅಣ್ಣಾ” ಎಂದರು ಅಪ್ಪನಿಗೆ. “ಭಾಳ ಹೊತ್ತು ಕಾದೆ.”

ಈಗ ದಾವಣಗೆರೆಯಲ್ಲಿ ಓಡುವವರಿಗೇನು ಕಮ್ಮಿ? ಬೆಳಿಗ್ಗೆ ಕುಂದವಾಡ ಕೆರೆಯ ದಂಡೆಗೆ ಹೋದರೆ ಹೆಂಗಸರು, ಗಂಡಸರು, ಮುದುಕರು, ಮಕ್ಕಳು, ಎಲ್ಲರ ಕಾಲಲ್ಲೂ ಬಣ್ಣಬಣ್ಣದ ಶೂ. ಹುಡುಗಿಯರು ಕ್ಯಾನು ಹಿಡಿಯದೆ ಓಡುತ್ತಾರೆ, ನೋಡಿ ಹೊಟ್ಟೆ ತುಂಬುತ್ತದೆ. ಆದರೆ ಎಲ್ಲರ ಕಿವಿಯಲ್ಲೂ ಏನೋ ಸಿಕ್ಕಿಸಿಕೊಂಡಿರುತ್ತದೆ. ಹದಡಿ ರಸ್ತೆಯಲ್ಲಿ ಎಷ್ಟು ಓಡಿದರೂ ಈಗ ಗದ್ದೆ ಬೇಗ ಸಿಗುವುದಿಲ್ಲ. ಚೌಕಿಪೇಟೆಯ ಹಲಗೆಗಳ ಜಾಗದಲ್ಲಿ ಶಟರುಗಳು ಬಂದಿವೆ, ನಮ್ಮ ಹಗ್ಗದಂಗಡಿಯಲ್ಲಿ ಬೇರೆಯವರು ಮೊಬೈಲ್ ಕವರು ಮಾರುತ್ತಾರೆ, ಹಗ್ಗಗಳು ತೂಗುತ್ತಿದ್ದ ಸೂರಿನಲ್ಲೇ.

ಹೋದ ತಿಂಗಳು ಜ್ವರ ಬಂದು ಬಹಳ ದಿನ ಮಲಗಿದ್ದೆ. ಎದ್ದ ಮೇಲೆ ಕೆರೆಗೆ ಹೋದೆ. ವರ್ಷಗಟ್ಟಲೆ ನನ್ನ ಮುಂದೆ ಹಿಂದೆ ಓಡಿದವರೇ ಎಲ್ಲ. ಒಬ್ಬರೂ ತಲೆಯೆತ್ತಿ, ಇಷ್ಟು ದಿನ ಕಾಣಲಿಲ್ಲವಲ್ಲ ಅನ್ನಲಿಲ್ಲ. ಅವರ ತಪ್ಪೇನು, ನಾನೂ ಅವರನ್ನು ಎಂದೂ ಕೇಳಿದವಳಲ್ಲ. ಆದರೂ ಆ ದಂಡೆಯಲ್ಲಿ ಓಡಲು ಮನಸ್ಸಾಗಲಿಲ್ಲ. ಕೆರೆಯ ಸುತ್ತು ಅರ್ಧಕ್ಕೆ ಬಿಟ್ಟು ಊರೊಳಗೆ ಓಡಿದೆ, ಗೇಟಿನ ಕಡೆಯಿಂದ ಹಳೆಯ ಪೇಟೆಗೆ. ಶಟರುಗಳು ಇನ್ನೂ ಮುಚ್ಚಿದ್ದವು. ಖಾದರ್ ಸಾಬರ ಅಂಗಡಿಯಿದ್ದ ಜಾಗಕ್ಕೆ ಬಂದಾಗ ಬಲಗೈ ತಾನಾಗೇ ಮೇಲೆದ್ದಿತು. ಯಾರೂ ಏನೂ ಕೇಳಿರಲಿಲ್ಲ.